ಹೂವಿನೊಳಗೆ ಹೋದ ಚೆಂಡು

ಜಿಲ್ಲಾ ಲೀಗಿನ ಎ ಡಿವಿಷನ್ ಫಿಕ್ಸ್ಚರ್ ಮೊನ್ನೆ ನನ್ನ ಮೊಬೈಲಿಗೆ ಬಂತು. ಬರುವ ಭಾನುವಾರ ಮಡಿಕೇರಿಯಲ್ಲಿ ಸೀಸನ್ನಿನ ಮೊದಲನೇ ಮ್ಯಾಚು. ಒಂದು ಕಡೆ ಹೋದ ಸಲದ ಚಾಂಪಿಯನ್ನರು, ಇನ್ನೊಂದು ಕಡೆ ನಾವು. ನಾವು ಅಂದರೆ ಸುಂಟಿಕೊಪ್ಪದ ಆಚೆಯ ಒಂದು ಕಾಫಿ ಎಸ್ಟೇಟಿನ ಲೈನ್ ಮನೆಗಳ, ಅಂದರೆ ಆಳುಗಳ ಸಾಲು ಮನೆಗಳ ಹುಡುಗರು. ಜಿಲ್ಲೆಯಲ್ಲೆಲ್ಲ ನಮಗೆ ಲೈನ್ ಟೀಮ್ ಅಂತಲೇ ಹೆಸರು. ಇಷ್ಟು ವರ್ಷ ಬಿ ಡಿವಿಷನ್ನಿನಲ್ಲಿ ಒದ್ದಾಡಿ, ಎ ಡಿವಿಷನ್ನಿಗೆ ಕಾಲಿಡುತ್ತಿರುವುದು ಇದೇ ಮೊದಲು. ಮೆಸೇಜು ನೋಡಿದ ಕೂಡಲೇ ನನ್ನ ಬೆರಳು ತನ್ನಷ್ಟಕ್ಕೆ, ಈ ಟೀಮು ಕಟ್ಟಿದ ನಮ್ಮ ರೈಟ್ರ ನಂಬರು ಹುಡುಕಿತು. ಸಿಕ್ಕಿದ ಮೇಲೆ ನೆನಪಾಯಿತು, ಅವರು ತೀರಿಹೋಗಿ ಎರಡು ತಿಂಗಳಾಯಿತು ಅಂತ. ಸಿಟ್ಟು ಬಂತು. ಯಾರ ಮೇಲೆ ಅಂತ ಕೇಳಬೇಡಿ. ನನಗೆ ದುಃಖವಾದರೂ ಮೊದಲು ಬರುವುದು ಸಿಟ್ಟೇ.

ನಾನು ಈ ಎಸ್ಟೇಟಿನ ಪಿಕಪ್ ಡ್ರೈವರು. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಶಿರಂಗಾಲದಲ್ಲಿ ಜಮೀನು ಮಾಡಿದವರು. ನನಗೆ ಹೊಲದ ಕೆಲಸ ಒಗ್ಗಲಿಲ್ಲ, ಸ್ಟೇರಿಂಗ್ ಒಗ್ಗಿತು. ಇಲ್ಲಿಗೆ ಕೆಲಸಕ್ಕೆ ಬಂದ ಹೊಸತರಲ್ಲಿ ರೈಟ್ರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎಂತ ಮಾರಾಯ, ಇಷ್ಟು ಅಗಲ ಇದ್ದೀಯ! ನೀನು ಗೋಲಲ್ಲಿ ನಿಂತ್ರೆ ಬಾಲು ಹೋಗ್ಲಿಕ್ಕೆ ಜಾಗ ಎಲ್ಲಿ?" ಅಂದರು. ಆ ವಾರವೇ ನಾನು ಗೋಲಿ ಆದೆ. ಆಮೇಲೆ ಮೊಣಕಾಲು ಕೈಕೊಡುವವರೆಗೂ ನಾನೇ ಗೋಲಿ.

ರೈಟರ್ ಅಂದರೆ ಕತೆ ಬರೆಯುವವರಲ್ಲ. ತೋಟದಲ್ಲಿ ಬೆಳಗ್ಗೆ ಆಳುಗಳಿಗೆ ಕೆಲಸ ಹಂಚುವವರು, ಹಾಜರಿ ಹಾಕುವವರು, ಪಿಕ್ಕಿಂಗ್ ಟೈಮಲ್ಲಿ ಸಂಜೆ ಕಾಫಿ ಹಣ್ಣು ತೂಗುವವರು. ಸಾಹುಕಾರರ ಸಿಟ್ಟೂ ಲೈನಿನವರ ಸಿಟ್ಟೂ ಒಟ್ಟಿಗೆ ಬಂದು ಬೀಳುವುದು ಅವರ ತಲೆಯ ಮೇಲೆ. ನಮ್ಮ ರೈಟ್ರು ಕರಿಕೆ ಕಡೆಯವರು. ಮನೆಯಲ್ಲಿ ಅರೆಭಾಷೆ, ಸಾಹುಕಾರರ ಹತ್ತಿರ ಕೊಡವ ತಕ್ಕ್, ಲೈನಿನಲ್ಲಿ ತಮಿಳು, ಪೇಟೆಯ ಅಂಗಡಿಗಳಲ್ಲಿ ಮಲಯಾಳ, ನನ್ನ ಹತ್ತಿರ ಕನ್ನಡ. ಬೈಯುವುದಕ್ಕೆ ಮಾತ್ರ ಯಾವ ಭಾಷೆಯೂ ಬರುತ್ತಿರಲಿಲ್ಲ. ಆ ಕೊರತೆಯನ್ನು ನಾನು ತುಂಬಿದೆ ಅನ್ನಿ.

ನೋಡಲಿಕ್ಕೆ ರೈಟ್ರು ಒಣಕಲು ಆಳು. ಮೊಣಕಾಲವರೆಗೆ ಬರುವ ಗಮ್ ಬೂಟು, ಕಾಲರಿಗೆ ಹಿಂದಿನಿಂದ ಸಿಕ್ಕಿಸಿಕೊಂಡ ಕೊಡೆ. ಬಿಸಿಲಿರಲಿ ಮಳೆಯಿರಲಿ, ಆ ಕೊಡೆ ಬೆನ್ನ ಮೇಲೆ ನೇತಾಡುತ್ತಲೇ ಇರಬೇಕು. ಮದುವೆ ಮನೆಗೂ ಹಾಗೇ ಬರುತ್ತಿದ್ದರು. ಅವರ ಹೆಂಡತಿ, ನಮಗೆಲ್ಲ ಅಕ್ಕ, "ಇವ್ರು ಮಲಗುವಾಗ ಮಾತ್ರ ಅದನ್ನ ತೆಗೀತಾರೆ, ಅದೂ ನಾನು ಜೋರು ಮಾಡಿದ್ರೆ" ಅಂತ ಎಲ್ಲರೆದುರು ಗೇಲಿ ಮಾಡುತ್ತಿದ್ದರು. ರೈಟ್ರು ನಾಚಿಕೊಂಡು ಬೆಲ್ಲದ ಕಾಫಿಯ ಲೋಟದೊಳಗೆ ಮುಖ ಹಾಕಿಕೊಳ್ಳುತ್ತಿದ್ದರು.

ಕೊಡಗು ಅಂದರೆ ಹಾಕಿ. ಹಾಕಿಗೆ ಪೆಂಡಾಲು, ಮೈಕು, ಊಟ, ನೆಂಟರಿಷ್ಟರು ಎಲ್ಲ ಉಂಟು. ಫುಟ್‌ಬಾಲ್ ಅಂದರೆ ಲೈನ್ ಮನೆ, ಪೇಟೆ, ಹರಿದ ಬನಿಯನ್ನು. ನಮ್ಮ ರೈಟ್ರಿಗೆ ಆ ಆಟದ ಹುಚ್ಚು ಎಲ್ಲಿಂದ ಹಿಡಿಯಿತೋ ಗೊತ್ತಿಲ್ಲ. ಸ್ವತಃ ಆಡಿದವರಲ್ಲ. ಕೇಳಿದರೆ, "ಹಗಲೆಲ್ಲ ನಾನು ಹೇಳಿದ ಕಡೆ ಹೋಗ್ತಾರೆ ಈ ಮಕ್ಕಳು. ಸಂಜೆ ಒಂದು ಗಂಟೆ ಅವ್ರ ಇಷ್ಟ ಬಂದ ಕಡೆ ಓಡ್ಲಿ. ನೋಡ್ಲಿಕ್ಕೆ ಚೆಂದ ಅಲ್ವಾ?" ಅನ್ನುತ್ತಿದ್ದರು. ಅಷ್ಟೇ ಅವರ ಕಾರಣ.

ನಮ್ಮ ಗ್ರೌಂಡು ಅಂದರೆ ಹಿಂದೆ ಕಾಫಿ ನರ್ಸರಿ ಇದ್ದ ಜಾಗ. ನರ್ಸರಿ ಬೇರೆ ಕಡೆ ಹೋದ ಮೇಲೆ ಖಾಲಿ ಬಿದ್ದಿತ್ತು. ರೈಟ್ರು ಸಾಹುಕಾರರ ಕಾಲು ಹಿಡಿದು, ಕೈ ಹಿಡಿದು ಆಟಕ್ಕೆ ಬಿಡಿಸಿಕೊಂಡಿದ್ದರು. ಒಂದು ಕಡೆ ಲೈನ್ ಮನೆಗಳು, ಉಳಿದ ಮೂರು ಕಡೆಯೂ ರೋಬಸ್ಟಾ ತೋಟ, ಇಳಿಜಾರು. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ಕಾಫಿ ಕಂಡವರಿಗೆ ಗೊತ್ತು, ಹೂ ಮಳೆ ಬಿದ್ದು ವಾರ ಕಳೆಯಿತೋ, ತೋಟಕ್ಕೆ ತೋಟವೇ ಬೆಳ್ಳಗಾಗುತ್ತದೆ. ಆ ನಾಲ್ಕು ದಿನ ತೋಟದೊಳಗೆ ಆಳು ಬಿಡುವುದಿಲ್ಲ. ಮೈ ತಾಗಿದರೆ ಹೂ ಉದುರುತ್ತದೆ, ಉದುರಿದ ಹೂವಲ್ಲಿ ಕಾಯಿ ಕಚ್ಚುವುದಿಲ್ಲ. ಇಡೀ ವರ್ಷದ ಬೆಳೆ ನಿಂತಿರುವುದು ಆ ನಾಲ್ಕು ದಿನದ ಮೇಲೆ. ಆಳುಗಳಿಗೆ ತೋಟದೊಳಗೆ ಕೆಲಸ ಇಲ್ಲ ಅಂದರೆ ಏನು ಮಾಡುತ್ತಾರೆ? ಚೆಂಡಾಡುತ್ತಾರೆ. ಆ ವರ್ಷ ಯಾವನೋ ಒಬ್ಬ ಎತ್ತಿ ಒದ್ದ ಚೆಂಡು ಹೂವಿನೊಳಗೆ ಹೋಯಿತು, ಅದನ್ನು ಹುಡುಕಲು ನಾಲ್ಕೈದು ಜನ ದಬದಬ ನುಗ್ಗಿದರು. ಸರಿಯಾಗಿ ಅದೇ ಹೊತ್ತಿಗೆ ಸಾಹುಕಾರರ ಜೀಪು ಬಂತು. ನಮ್ಮ ಸಾಹುಕಾರರು ಮಾತು ಕಡಿಮೆ, ಮೀಸೆ ಜಾಸ್ತಿ. ಜೀಪಿನಿಂದ ಇಳಿಯಲೂ ಇಲ್ಲ. "ರೈಟರೇ, ಈ ಮಳೆಗಾಲಕ್ಕೆ ಗ್ರೌಂಡಲ್ಲಿ ಗಿಡ ಇಡಿಸಿ" ಅಂದರು.

ರೈಟ್ರು ಜೀಪಿನ ಬಾಗಿಲು ಹಿಡಿದು ನಿಂತರು. "ಸಾರ್, ಇನ್ನು ಮೇಲೆ ಆಟದಿಂದ ಒಂದು ಹೂ ಉದುರಿದ್ರೆ ಗಿಡ ಇಡೋದು ಬೇಡ, ನನ್ನನ್ನೇ ಕಿತ್ತು ಹಾಕಿ" ಅಂದರು. ಸಾಹುಕಾರರು ಬಾಗಿಲ ಮೇಲಿದ್ದ ಅವರ ಕೈ ನೋಡಿ ಗೇರ್ ಹಾಕಿದರು. ಜೀಪು ಹೋಯಿತು.

ಮಾರನೇ ದಿನದಿಂದ ಗ್ರೌಂಡಿನಲ್ಲಿ ಎರಡು ಕಾನೂನು ಬಂದವು. ಹೂವಿನೊಳಗೆ ಹೋದ ಚೆಂಡು ಹೂವಿನದ್ದು, ಕಾಯಿ ಕಚ್ಚುವವರೆಗೆ ಅದರ ಹೆಸರು ಎತ್ತಬಾರದು. ಇನ್ನೊಂದು, ಚೆಂಡು ಯಾವಾಗಲೂ ನೆಲದ ಮೇಲೇ ಹೋಗಬೇಕು, ಎತ್ತಿ ಹೊಡೆಯಲೇಬಾರದು. ಹೂ ಇಲ್ಲದ ತಿಂಗಳಲ್ಲಾದರೂ ಎತ್ತಿ ಹೊಡೆಯೋಣ ಅಂತ ನಾವು ಗೋಗರೆದೆವು. "ಕಾಲಿಗೆ ಕ್ಯಾಲೆಂಡರ್ ಗೊತ್ತಿಲ್ಲ ಮಾರಾಯ" ಅಂದುಬಿಟ್ಟರು. "ಜೂನಲ್ಲಿ ಎತ್ತಿ ಹೊಡೆದ ಕಾಲು ಮಾರ್ಚಲ್ಲೂ ಎತ್ತಿಯೇ ಹೊಡೀತದೆ."

ಬೈಯಲು ಬಾರದ ಮನುಷ್ಯ, ಶಿಕ್ಷೆ ಹೇಗೆ ಕೊಡುತ್ತಾರೆ? ಚೆಂಡು ಯಾರ ಕಾಲಿನಿಂದಲಾದರೂ ಮೇಲೆ ಎದ್ದಿತೋ, ಗೆರೆಯ ಪಕ್ಕ ನಿಂತ ರೈಟ್ರು ಬೆನ್ನಿಂದ ಕೊಡೆ ತೆಗೆದು ಪಟಕ್ಕನೆ ಬಿಚ್ಚಿ ತಲೆಯ ಮೇಲೆ ಹಿಡಿಯುತ್ತಿದ್ದರು. ಬಿಸಿಲಲ್ಲಿ, ಮೋಡವಿಲ್ಲದ ಆಕಾಶದ ಕೆಳಗೆ, ಮಳೆ ಬಂದವರ ಹಾಗೆ ಮುದುಡಿ ನಿಲ್ಲುವುದು! ಆಟ ನಿಂತುಬಿಡುತ್ತಿತ್ತು. ಲೈನಿನ ಹೆಂಗಸರು ಬಾಗಿಲಲ್ಲಿ ನಿಂತು ನಗುತ್ತಿದ್ದರು. ಹೊಡೆದವನು ಹೋಗಿ "ಇನ್ನು ಇಲ್ಲ ರೈಟ್ರೇ" ಅನ್ನುವವರೆಗೆ ಕೊಡೆ ಮಡಿಸುತ್ತಿರಲಿಲ್ಲ. ಆ ಮಾನ ಹೋಗುವುದಕ್ಕಿಂತ ಬೈಗುಳ ಎಷ್ಟೋ ವಾಸಿ ಅಂತ ನಮಗೆಲ್ಲ ಅನ್ನಿಸುತ್ತಿತ್ತು.

ಹಾಗಂತ ಅವರು ತಪ್ಪೇ ಮಾಡಲಿಲ್ಲ ಅಂದುಕೊಳ್ಳಬೇಡಿ. ಒಂದು ಮಾರ್ಚಿನಲ್ಲಿ, ತೋಟ ಪೂರ್ತಿ ಹೂವಾಗಿದ್ದಾಗ, ನೆಲಕ್ಕೆ ಹೇಗೆ ಹೊಡೆಯಬೇಕು ಅಂತ ತೋರಿಸಲು ಹೋದರು. ಗಮ್ ಬೂಟಿನಲ್ಲೇ ಓಡಿ ಬಂದು ಒಂದು ಬೀಸಿದರು ನೋಡಿ! ಚೆಂಡು ಅಲ್ಲೇ ಕೂತಿತ್ತು. ಬಲಗಾಲಿನ ಬೂಟು ಹಾರಿ ನೆರಳಿಗೆ ನೆಟ್ಟ ಸಿಲ್ವರ್ ಮರದ ಪಕ್ಕದಿಂದ ಸೀದಾ ಹೂವಿನೊಳಗೆ ಹೋಗಿ ಬಿತ್ತು. ನಾವು ನೆಲದಲ್ಲಿ ಬಿದ್ದು ಹೊರಳಾಡಿದೆವು. ಮಣಿ ಅಂತ ನಮ್ಮ ಎಡಗಡೆ ಡಿಫೆಂಡರ್, ಲೈನಿನ ತಮಿಳರ ಮನೆಯ ಹುಡುಗ, ಮದುವೆಯಾಗಿ ಎರಡು ಮಕ್ಕಳಿದ್ದವನು, ಅವನೇ ಹೋಗಿ ರೈಟ್ರ ಬೆನ್ನಿಂದ ಕೊಡೆ ಎಳೆದು ಅವರ ತಲೆಯ ಮೇಲೆ ಬಿಚ್ಚಿ ಹಿಡಿದ. ರೈಟ್ರು ಕೈ ಮುಗಿದು, "ಇನ್ನು ಇಲ್ಲ ಮಣಿ" ಅಂದರು.

ಮಜಾ ಅದಲ್ಲ. ಕಾನೂನು ಕಾನೂನೇ ಅಂತ ಆ ಮನುಷ್ಯ ಬೂಟು ತರಲಿಕ್ಕೆ ಹೋಗಲೇ ಇಲ್ಲ. ಎಡಗಾಲಿಗೆ ಗಮ್ ಬೂಟು, ಬಲಗಾಲಿಗೆ ಹವಾಯಿ ಚಪ್ಪಲಿ. ಹಾಗೇ ಹಾಜರಿ ಹಾಕಿದರು, ಹಾಗೇ ಸಂತೆಗೆ ಹೋದರು. ಎರಡೂ ಕಾಲಿಗೆ ಚಪ್ಪಲಿಯನ್ನೇ ಹಾಕಿಕೊಳ್ಳಿ ಅಂದರೆ, "ಇರುವ ಬೂಟಿಗೆ ಬೇಜಾರಾಗ್ತದೆ" ಅಂದರು. ಒಂದು ದಿನ ಸಾಹುಕಾರರು ಜೀಪು ನಿಲ್ಲಿಸಿ ಕೇಳಿದರು.

"ಎಲ್ರೀ ಇನ್ನೊಂದು ಬೂಟು?"

"ಹೂವಲ್ಲಿದೆ ಸಾರ್."

ಸಾಹುಕಾರರ ಮೀಸೆಯ ಕೆಳಗೆ ಏನೋ ಅಲುಗಾಡಿತು. ನಗು ಅಂತ ನಾವು ತೀರ್ಮಾನ ಮಾಡಿಕೊಂಡೆವು. ಗ್ರೌಂಡಿನಲ್ಲಿ ಗಿಡ ಇಡುವ ಮಾತು ಮತ್ತೆ ಬರಲಿಲ್ಲ.

ಹೂವಿನ ಪಾಲಾದ ಚೆಂಡುಗಳಲ್ಲಿ ಕೆಲವು, ಆ ಬೂಟಿನ ಹಾಗೆ, ಕಾಯಿ ಕಚ್ಚಿದ ಮೇಲೆ ಸಿಗುತ್ತಿದ್ದವು. ಉಳಿದವು ಇಳಿಜಾರಲ್ಲಿ ಉರುಳಿ ತರಗೆಲೆಯ ಅಡಿ ಸೇರಿ, ಪಿಕ್ಕಿಂಗ್ ಟೈಮಲ್ಲಿ ಹೆಂಗಸರ ಕೈಗೆ ಸಿಗುತ್ತಿದ್ದವು. ಹಣ್ಣಿನ ಚೀಲದ ಜೊತೆ ಚೆಂಡನ್ನೂ ತೂಕದ ಹತ್ತಿರ ತರುತ್ತಿದ್ದರು. ರೈಟ್ರು ಅದನ್ನು ತಕ್ಕಡಿಗಿಟ್ಟು, "ಅಕ್ಕಾ, ಇದನ್ನೂ ನಿನ್ನ ತೂಕಕ್ಕೆ ಸೇರಿಸ್ಲಾ?" ಅಂತ ಪ್ರತಿ ಸಲವೂ ಕೇಳುತ್ತಿದ್ದರು. ಪ್ರತಿ ಸಲವೂ ಎಲ್ಲರೂ ನಗುತ್ತಿದ್ದರು.

ನೆಲದ ಆಟ ನಮ್ಮನ್ನು ಹಾಳು ಮಾಡಲಿಲ್ಲ, ಬೆಳೆಸಿತು. ಚೆಂಡು ಹುಲ್ಲಿಗೆ ಅಂಟಿದ ಹಾಗೆ ಕಾಲಿಂದ ಕಾಲಿಗೆ ಹೋಗುತ್ತಿತ್ತು. ಎದುರಾಳಿಗಳು ತಲೆ ಎತ್ತಿಕೊಂಡು ಕಾಯುತ್ತಿದ್ದರು, ನಾವು ಅವರ ಕಾಲ ಸಂದಿಯಲ್ಲಿ ದಾಟಿ ಹೋಗುತ್ತಿದ್ದೆವು. ಹಾಗೆ ಆಡುತ್ತಾ ಆಡುತ್ತಾ ಒಂದು ವರ್ಷ ಬಿ ಡಿವಿಷನ್ ಫೈನಲ್ ತಲುಪಿದೆವು. ಗೆದ್ದವರು ಎ ಡಿವಿಷನ್ನಿಗೆ. ರೈಟ್ರು ಆವತ್ತು ಬೂಟಿಗೆ ಎಣ್ಣೆ ಸವರಿಕೊಂಡು ಬಂದಿದ್ದರು.

ನಾವು ಒಂದು ಗೋಲು ಮುಂದಿದ್ದೆವು. ಇನ್ನೇನು ಮುಗಿಯಬೇಕು. ಚೆಂಡು ನಮ್ಮ ಗೋಲಿನ ಮುಂದೆ, ಮಣಿಯ ಕಾಲಲ್ಲಿ. ಎದುರಿನಿಂದ ಇಬ್ಬರು ನುಗ್ಗಿ ಬರುತ್ತಿದ್ದಾರೆ. ಇಡೀ ಪ್ರಪಂಚದಲ್ಲಿ ಯಾರೇ ಆದರೂ ಏನು ಮಾಡುತ್ತಾರೆ? ಎತ್ತಿ ಆಚೆ ಬಿಸಾಕುತ್ತಾರೆ. ನಾನು ಗಂಟಲು ಹರಿಯುವ ಹಾಗೆ ಕಿರುಚಿದೆ, "ಎತ್ತಿ ಹೊಡಿಯೋ! ಎತ್ತೋ ಮಾರಾಯ!" ಮಣಿ ಒಂದು ಗಳಿಗೆ ಗೆರೆಯ ಕಡೆ ನೋಡಿದ, ರೈಟ್ರ ಬೆನ್ನಿನ ಕೊಡೆಯ ಕಡೆ. ಆಮೇಲೆ ನೆಲದ ಮೇಲೆ ಮೆಲ್ಲಗೆ ಪಕ್ಕದವನಿಗೆ ತಳ್ಳಿದ. ನಡುವೆ ಅವರವನು ಕಾಲು ಹಾಕಿದ, ಗೋಲು. ಆಮೇಲೆ ಪೆನಾಲ್ಟಿಯಲ್ಲಿ ಸೋತೆವು.

ಅಲ್ಲ ಸ್ವಾಮಿ, ಫೈನಲ್ ನಡೆದ ಮಡಿಕೇರಿಯ ಆ ಗ್ರೌಂಡಿನ ಸುತ್ತ ಎಲ್ಲಿತ್ತು ಕಾಫಿ? ಕಲ್ಲು ಮೆಟ್ಟಿಲು, ಬಸ್ಸು, ಅಂಗಡಿ! ಪಿಕಪ್ಪಿನಲ್ಲಿ ವಾಪಸ್ ಬರುವಾಗ ನಾನು ಪಕ್ಕದಲ್ಲಿ ಕೂತಿದ್ದ ಮಣಿಯ ಜನ್ಮ ಜಾಲಾಡಿದೆ. ಬೈದಿದ್ದು ತಪ್ಪು ಅಂತ ಇವತ್ತಿಗೂ ನಾನು ಒಪ್ಪುವುದಿಲ್ಲ. ಹಿಂದೆ ಹುಡುಗರ ಜೊತೆ ನಿಂತಿದ್ದ ರೈಟ್ರು ಕ್ಯಾಬಿನ್ನಿನ ಗಾಜು ತಟ್ಟಿ ಗಾಡಿ ನಿಲ್ಲಿಸಿದರು. ಇಳಿದು ನನ್ನ ಕಿಟಕಿಯ ಹತ್ತಿರ ಬಂದರು.

"ಅವನನ್ನ ಬೈಬೇಡ. ಆ ಕಾಲು ಅವನದ್ದಲ್ಲ, ನನ್ನದು. ನಾನೇ ಅಲ್ವಾ ಅದನ್ನ ಹಾಗೆ ಕಟ್ಟಿ ಹಾಕಿದ್ದು?"

ಅವರ ಕಣ್ಣು ತುಂಬಿತ್ತು. ಅವರು ಮತ್ತೆ ಹಿಂದೆ ಹತ್ತಿದ ಮೇಲೆ ನಾನು ಗಾಡಿ ಓಡಿಸಿದೆ.

ಮಣಿ ಆಟ ಬಿಟ್ಟ. ಸಂಜೆಯಾದರೆ ಮನೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದ. ರೈಟ್ರು ದಿನಾ ಸಂಜೆ ಅವನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಫುಟ್‌ಬಾಲ್ ಮಾತೇ ಇಲ್ಲ. ಮಳೆ, ಮೆಣಸು, ಮಕ್ಕಳ ಜ್ವರ, ಇಂಥದ್ದೇ. ಕೊಯ್ಲಾದ ಮೇಲೆ ಪರಿಚಯದವರ ಒಂದು ಗದ್ದೆ ಕೇಳಿಕೊಂಡು ನಮ್ಮನ್ನೆಲ್ಲ ಕರೆದುಕೊಂಡು ಹೋದರು. "ಇಲ್ಲಿ ಹೂವಿಲ್ಲ, ಗಿಡ ಇಲ್ಲ, ಸಾಹುಕಾರರಿಲ್ಲ. ಎತ್ತಿ ಹೊಡೀರಿ" ಅಂದರು. ಒಬ್ಬನಿಗಾದರೂ ಬಂದರೆ ಕೇಳಿ! ಒಬ್ಬನದ್ದು ಕಾಲು ಜಾರಿತು, ಒಬ್ಬನದ್ದು ಚೆಂಡು ಹಿಂದಕ್ಕೆ ಹೋಯಿತು. ರೈಟ್ರು ಬದುವಿನ ಮೇಲೆ ಕೂತು ಕಣ್ಣೀರು ಬರುವಷ್ಟು ನಕ್ಕರು. ಆ ನಗು ಕೇಳಿಯೋ ಏನೋ, ಒಂದು ದಿನ ಮಣಿಯೂ ಬಂದು ನಿಂತ.

ನಿಧಾನಕ್ಕೆ ಎಲ್ಲರೂ ಕಲಿತರು, ಮಣಿಯೊಬ್ಬನನ್ನು ಬಿಟ್ಟು. ಅವನು ಮತ್ತೆ ಆಡತೊಡಗಿದ, ಚೆನ್ನಾಗಿಯೇ ಆಡಿದ, ಆದರೆ ಚೆಂಡನ್ನು ನೆಲದಿಂದ ಮೇಲೆತ್ತಲು ಅವನ ಕೈಲಿ ಆಗಲಿಲ್ಲ. ಕಾಲು ಎತ್ತುವನು, ಗೆರೆಯ ಕಡೆ ನೋಡುವನು, ಮೆಲ್ಲಗೆ ತಳ್ಳುವನು. ರೈಟ್ರು ಕೊಡೆಯನ್ನು ಮನೆಯಲ್ಲಿ ಬಿಟ್ಟು ಬಂದು ನೋಡಿದರು. ಊಹೂಂ. ಹೋದ ವರ್ಷ ಕೊನೆಗೂ ನಾವು ಫೈನಲ್ ಗೆದ್ದೆವು. ಹುಡುಗರು ರೈಟ್ರನ್ನು ಹೆಗಲ ಮೇಲೆ ಹೊತ್ತು ಕುಣಿದರು. ಕೆಳಗಿಳಿದವರು ನನ್ನ ಪಕ್ಕಕ್ಕೆ ಬಂದು ನಿಂತರು.

"ಎ ಡಿವಿಷನ್ನಿಗೆ ಬಂದಾಯ್ತು ಮಾರಾಯ. ಅಲ್ಲಿ ನಮ್ಮ ಮಣಿ ಒಂದೇ ಒಂದು ಸಲ ಎತ್ತಿ ಹೊಡೆಯೋದು ನೋಡ್ಬೇಕು. ಆಮೇಲೆ ನಾವು ಸೋತರೂ ಅಡ್ಡಿಲ್ಲ."

ನೋಡಲಿಕ್ಕೆ ಆಗಲಿಲ್ಲ. ಈ ಪಿಕ್ಕಿಂಗ್ ಮುಗಿಯುತ್ತಾ ಬಂದಾಗ ಒಂದು ಸಂಜೆ ತೂಕದ ಹತ್ತಿರ ಯಾರೋ ಹಳೇ ಚೆಂಡು ತಂದರು. ರೈಟ್ರು ಯಥಾಪ್ರಕಾರ ತಕ್ಕಡಿಗಿಟ್ಟು, "ಅಕ್ಕಾ, ಇದನ್ನೂ ಸೇರಿಸ್ಲಾ?" ಅಂದು ನಗಿಸಿದರು. ಎದೆ ಏನೋ ಹಿಡಿದ ಹಾಗಿದೆ ಅಂತ ಮನೆಗೆ ಹೋದರು. ನಾನೇ ಪಿಕಪ್ಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ "ಮೆಲ್ಲಗೆ ಹೋಗು, ಗುಂಡಿ ಉಂಟು" ಅನ್ನುತ್ತಿದ್ದರು. ಮಾರನೇ ಬೆಳಗ್ಗೆ ಇರಲಿಲ್ಲ. ಎಂಥ ಮನುಷ್ಯ! ಸೀಸನ್ನಿಗೆ ಮುಂಚೆ ಹೀಗೆ ಎದ್ದು ಹೋಗುವುದಾ?

ರೈಟ್ರ ಹೆಂಡತಿ ಅಕ್ಕ ಆ ಕೊಡೆಯನ್ನು ನನ್ನ ಕೈಗೆ ಕೊಟ್ಟರು. "ಹುಡುಗ್ರನ್ನ ಇನ್ನು ನೀನೇ ನೋಡ್ಕೊ" ಅಂದರು. ಹಾಗಾಗಿ ಈಗ ನಾನು ಮ್ಯಾನೇಜರು. ಕೊಡೆ ಕಾಲರಿಗೆ ಸಿಕ್ಕಿಸಿಕೊಂಡು ನಿಲ್ಲುತ್ತೇನೆ. ಕತ್ತು ನೋಯುತ್ತದೆ. ಅವರು ಅದನ್ನು ಅಷ್ಟು ವರ್ಷ ಹೇಗೆ ಹೊತ್ತರೋ ದೇವರೇ ಬಲ್ಲ.

ಈ ವಾರ ಹೂ ಬಂದಿದೆ. ಮೂರು ಕಡೆಯೂ ಬೆಳ್ಳಗೆ, ಜೇನ್ನೊಣದ ಗುಂಯ್‌ಗುಟ್ಟುವಿಕೆ. ನಿನ್ನೆ ಸಂಜೆ ಪ್ರ್ಯಾಕ್ಟೀಸು ನಡೆಯುತ್ತಿತ್ತು. ಸಾಹುಕಾರರ ಜೀಪು ಬಂದು ಗ್ರೌಂಡಿನ ಮೂಲೆಯಲ್ಲಿ ನಿಂತಿತು. ಅವರಿಗೂ ವಯಸ್ಸಾಗಿದೆ, ಮೀಸೆಯೆಲ್ಲ ಬಿಳಿ. ಇಳಿದು ಬಾನೆಟ್ಟಿಗೆ ಒರಗಿ ನೋಡುತ್ತಾ ನಿಂತರು. ಅವರು ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ.

ಚೆಂಡು ಮಣಿಯ ಹತ್ತಿರ ಬಂತು. ಎದುರಿನಿಂದ ಇಬ್ಬರು ಓಡಿ ಬಂದರು. ಮಣಿ ಕಾಲು ಎತ್ತಿದ, ಅಭ್ಯಾಸದಂತೆ ಗೆರೆಯ ಕಡೆ ನೋಡಿದ. ಅಲ್ಲಿ ನಾನಿದ್ದೆ. ಅವರಿರಲಿಲ್ಲ. ಅವನ ಮುಖ ಹೇಗೋ ಆಯಿತು. ಆಮೇಲೆ ಹೊಡೆದ. ಅಯ್ಯಪ್ಪಾ, ಅದೇನು ಹೊಡೆತ! ಅಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದನ್ನೆಲ್ಲ ಒಂದೇ ಸಲ ಬಿಟ್ಟ ಹಾಗೆ. ಚೆಂಡು ಏರಿತು, ಸಿಲ್ವರ್ ಮರದ ತುದಿ ದಾಟಿತು, ಆಚೆ ಆ ಬಿಳಿಯೊಳಗೆ ಇಳಿದು ಹೋಯಿತು.

ಎಲ್ಲರೂ ನಿಂತು ನನ್ನ ಕಡೆ ತಿರುಗಿದರು. ಲೈನಿನ ಹೆಂಗಸರು ಬಾಗಿಲಿಗೆ ಬಂದರು. ನನ್ನ ಕೈ ಬೆನ್ನಿಗೆ ಹೋಗಿ ಕೊಡೆಯ ಹಿಡಿ ಹಿಡಿದುಕೊಂಡಿತ್ತು. ಬಿಚ್ಚಲಿಲ್ಲ. ಬಿಚ್ಚಲು ಮನಸ್ಸು ಬರಲಿಲ್ಲ.

ಜೀಪಿನ ಹತ್ತಿರದಿಂದ ಸಾಹುಕಾರರು ಕೆಮ್ಮಿದರು. "ಹೋಗ್ಲಿ ಬಿಡು. ಹೋಗಿ ತಗೊಂಡು ಬನ್ನಿ" ಅಂದರು. ಹೂವಿನೊಳಗೆ ಹೋಗಿ ಅಂತ ಅವರ ಬಾಯಲ್ಲಿ! ನಾನು ಮಣಿಯ ಮುಖ ನೋಡಿದೆ. ಅವನ ಕೆನ್ನೆಯೆಲ್ಲ ಒದ್ದೆ.

"ಬೇಡ ಸಾರ್," ಅಂದ. "ಕಾಯಿ ಕಚ್ಚಲಿ."

ಯಾರೂ ಹೋಗಲಿಲ್ಲ. ಸಾಹುಕಾರರು ತೋಟದ ಕಡೆ ನೋಡಿ ಜೀಪು ಹತ್ತಿದರು. ನಾನು ಇನ್ನೊಂದು ಚೆಂಡು ಒಳಗೆ ಎಸೆದೆ, ಆಟ ಮುಂದುವರಿಯಿತು. ಭಾನುವಾರ ಬೆಳಗ್ಗೆ ಬೇಗ ಹೊರಡಬೇಕು, ದಾರಿಯಲ್ಲಿ ಅಕ್ಕನನ್ನೂ ಹತ್ತಿಸಿಕೊಳ್ಳಬೇಕು. ಅವರು ಇದುವರೆಗೆ ಒಂದು ಮ್ಯಾಚೂ ನೋಡಿದವರಲ್ಲ. ನಿನ್ನೆ ಮಾತ್ರ ಲೈನಿನ ಹೆಂಗಸರ ಜೊತೆ ಬಾಗಿಲಲ್ಲಿ ನಿಂತು ನೋಡಿದರಂತೆ. ಚೆಂಡು ಹೋದ ಕಡೆಯನ್ನೇ ನೋಡುತ್ತಾ, "ಇವ್ರು ಇದ್ದಿದ್ರೆ ಖುಷಿಗೆ ಇನ್ನೊಂದು ಬೂಟೂ ಬಿಸಾಕ್ತಿದ್ರು" ಅಂದರಂತೆ.